ಇದು ಬರೀ ಸ್ಪೆಲಿಂಗ್ ತಾಪತ್ರಯವಾ, ಇಲ್ಲಾ ಡಿಸ್ಲೆಕ್ಸಿಯಾನಾ?

ನಮ್ಮ ಪುಟ್ಟಿ ಈಗ ಮೂರನೇ ಕ್ಲಾಸು, ಇಲ್ಲೇ ಮುಂಬೈ ಹತ್ರದ ಡೊಂಬಿವಲಿಯ ಒಂದು ಸಿಬಿಎಸ್‌ಇ ಶಾಲೆ. 'ಓನ್ಲಿ' ಬರಿ ಅಂದ್ರೆ ಡಬ್ಲ್ಯೂ-ಓ-ಎನ್-ಎಲ್-ವೈ ಅಂತ ಬರೀತಾಳೆ. 'ಎಗ್' ಅಂದ್ರೆ ಮುಂದೊಂದು ವೈ. 'ಸೆಡ್' ಅಂದ್ರೆ ಎಸ್-ಇ-ಡಿ. ಮೊದಮೊದಲು ನಾವಿಬ್ರೂ ನಗ್ತಾ ಇದ್ವಿ, ಯಾಕಂದ್ರೆ ಆ ವೈ ಆ ಡಬ್ಲ್ಯೂ ಎರಡೂ ನಮ್ಮ ಬಾಯಿಂದಾನೇ ಹೋಗಿರೋದು, ನಾವು ಶಿವಮೊಗ್ಗ ಕಡೆಯೋರು, ಮನೇಲಿ 'ವೋನ್ಲಿ' 'ಯೆಗ್ಗು' 'ಯೆಲೆವನ್' ಅಂತಾನೇ ಮಾತಾಡೋದು, ಮಗು ಕಿವಿಗೆ ಬಿದ್ದಿದ್ದನ್ನ ನಿಯತ್ತಾಗಿ ಕಾಗದದ ಮೇಲೆ ಇಳಿಸಿದೆ ಅಷ್ಟೇ, ಅದ್ರಲ್ಲಿ ತಪ್ಪೇನು.

ಆದ್ರೆ ಅವಳ ನೋಟ್‌ಬುಕ್‌ಗಳನ್ನ ಒಂದು ಭಾನುವಾರ ಕೂತು ಸರಿಯಾಗಿ ನೋಡಿದಾಗ ಗೊತ್ತಾಯ್ತು, ತಪ್ಪುಗಳಲ್ಲೂ ಎರಡು ಜಾತಿ ಇದೆ ಅಂತ. ಒಂದು ಈ ಯೆಗ್ಗು ಜಾತಿ. ಅದನ್ನ ಗಟ್ಟಿಯಾಗಿ ಓದಿದ್ರೆ ಅವಳು ಏನು ಹೇಳೋಕೆ ಹೊರಟಿದ್ಳು ಅಂತ ಗೊತ್ತಾಗತ್ತೆ. ಇನ್ನೊಂದು ಜಾತಿ ಬೇರೆ. 'ಸ್ಟಾಪ್' ಬರೆಯೋ ಕಡೆ ಎಸ್-ಓ-ಪಿ, ಟಿ ಮಾಯ. 'ಬ್ಲೂ' ಇರೋ ಕಡೆ ಬಿ-ಯು-ಎಲ್. 'ಫ್ರಮ್' ಯಾವಾಗ್ಲೂ 'ಫಾರ್ಮ್'. 'ಫ್ರೆಂಡ್' ಅನ್ನೋ ಪದವನ್ನ ಒಂದೇ ಪುಟದಲ್ಲಿ ಬೇರೆಬೇರೆ ಥರ ಬರೆದಿದ್ಳು, ಮೇಲಿನ ಸಾಲಲ್ಲಿ ಸರಿಯಾಗೇ ಇದೆ, ಅದನ್ನ ಬೋರ್ಡ್ ನೋಡಿ ಕಾಪಿ ಮಾಡಿರ್ಬೇಕು, ಕೆಳಗೆ ಬರ್ತಾ ಬರ್ತಾ ಅಕ್ಷರಗಳು ಜಾಗ ಬದಲಾಯಿಸ್ಕೊಂಡಿವೆ. ಇವನ್ನ ಗಟ್ಟಿಯಾಗಿ ಓದಿದ್ರೆ ಏನೂ ಸಿಗಲ್ಲ. ಉಚ್ಚಾರಣೆ ಮೇಲೆ ತಪ್ಪು ಹಾಕೋಕೂ ಆಗಲ್ಲ, ಯಾಕಂದ್ರೆ ಶಿವಮೊಗ್ಗದಲ್ಲಿ ಯಾರೂ ಸ್ಟಾಪ್‌ನ ಸಾಪ್ ಅನ್ನಲ್ಲ.

ಇಷ್ಟಕ್ಕೇ ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಚುರುಕಾಗಿದ್ರೂ ಓದು, ಸ್ಪೆಲಿಂಗ್ ಮಾತ್ರ ಸಲೀಸಾಗಿ ಹತ್ತದೇ ಇರೋ ತೊಂದರೆ, ಅನ್ನೋಕೂ ಆಗಲ್ಲ ಮತ್ತೆ. ಆರು ವರ್ಷದ ಮಗು ಒತ್ತೊತ್ತಾಗಿ ಬರೋ ವ್ಯಂಜನಗಳಲ್ಲಿ ಒಂದನ್ನ ನುಂಗಿಹಾಕೋದು, 'ಜಂಪ್'ನಲ್ಲಿ ಎಮ್ ಬಿಡೋದು ಎಲ್ಲಾ ಸಾಮಾನ್ಯ. ಬಿ ಮತ್ತು ಡಿ ತಿರುವು ಮುರುವು ಮಾಡೋದೂ ಅಷ್ಟೇ, ಏಳು ವರ್ಷದವರೆಗೂ ಎಷ್ಟೋ ಮಕ್ಕಳು ಮಾಡ್ತಾವೆ, ಜನ ಅದನ್ನೇ ಡಿಸ್ಲೆಕ್ಸಿಯಾದ ಮುದ್ರೆ ಅಂದ್ಕೊಂಡಿದಾರೆ, ಅದು ಅಲ್ಲ. ಪ್ರಶ್ನೆ ಏನಂದ್ರೆ ಎಂಟು ವರ್ಷ ದಾಟಿದ ಮೇಲೂ, ಪಾಠ ಚೆನ್ನಾಗಿ ಸಿಕ್ಕಿದ ಮೇಲೂ, ಬೇರೆ ಎಲ್ಲಾದ್ರಲ್ಲೂ ಚುರುಕಾಗಿರೋ ಮಗು ಇಲ್ಲಿ ಮಾತ್ರ ಯಾಕೆ ನಿಂತಿದೆ ಅನ್ನೋದು.

ಶಾಲೆಯ ಓಪನ್ ಹೌಸ್‌ನಲ್ಲಿ ಕೇಳಿದ್ವಿ. ಟೀಚರ್ ಒಳ್ಳೇವ್ರು, ಬೈಯಲಿಲ್ಲ, "ಘರ್ ಪೆ ಇಂಗ್ಲಿಷ್ ಮೇ ಬಾತ್ ಕೀಜಿಯೆ, ಬಹುತ್ ಲ್ಯಾಂಗ್ವೇಜ್ ಹೋ ಗಯಾ ಬಚ್ಚೀ ಕೋ" ಅಂದ್ರು, ಮನೇಲಿ ಇಂಗ್ಲಿಷೇ ಮಾತಾಡಿ, ಮಗೂಗೆ ಭಾಷೆ ಜಾಸ್ತಿ ಆಯ್ತು ಅಂತ. ಮನೇಲಿ ಕನ್ನಡ, ಕೆಳಗೆ ಗ್ರೌಂಡಲ್ಲಿ ಮರಾಠಿ, ಟೀವೀಲಿ ಹಿಂದಿ, ಶಾಲೇಲಿ ಇಂಗ್ಲಿಷ್, ಪಾಪ ತಲೆಯಲ್ಲಿ ಎಲ್ಲಾ ಕಲಸಿಹೋಗಿದೆ ಅನ್ನೋ ಲೆಕ್ಕ. ಮುಂಬೈಯಲ್ಲಿ ಇರೋ ಪ್ರತಿಯೊಬ್ಬ ಕನ್ನಡದೋರೂ ಇದನ್ನ ಒಂದಲ್ಲ ಒಂದು ಸಲ ಕೇಳಿರ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ಹಲವು ಭಾಷೆಯಿಂದ ಡಿಸ್ಲೆಕ್ಸಿಯಾ ಬರಲ್ಲ, ಮನೆಮಾತು ನಿಲ್ಲಿಸಿದ್ರೆ ಅದು ಹೋಗೋದೂ ಇಲ್ಲ. ಅದೇ ಬಿಲ್ಡಿಂಗಿನ ತುಳು ಮಾತಾಡೋ ಹುಡುಗನಿಗೆ ಐದು ಭಾಷೆ, ಅವನು ಸ್ಪೆಲಿಂಗ್ ಬೀ ಕಪ್ಪು ತಗೊಂಡು ಬರ್ತಾನೆ.

ಆದ್ರೆ ಟೀಚರ್ ಮಾತಲ್ಲಿ ಒಂದು ನಿಜವಾದ ತೊಡಕು ಅಡಗಿದೆ. ನಾಲ್ಕು ಭಾಷೆ ಇರೋ ಮನೇಲಿ ಏನೇ ತೊಂದರೆ ಬಂದ್ರೂ ಆ ನಾಲ್ಕು ಭಾಷೆ ಮೇಲೆ ಹಾಕಿ ಸುಮ್ಮನಾಗಿಬಿಡಬಹುದು. ನಿಜವಾಗ್ಲೂ ಡಿಸ್ಲೆಕ್ಸಿಯಾ ಇದ್ದ ಮಗು ಕೂಡ ಆ ನೆಪದ ಹಿಂದೆ ವರ್ಷಗಟ್ಟಲೆ ಮರೆಯಾಗಿ ಕೂತಿರತ್ತೆ.

ಇಂಗ್ಲಿಷ್ ಸ್ಪೆಲಿಂಗ್ ಒಂದನ್ನೇ ನಂಬಿ ತೀರ್ಪು ಕೊಡೋಕೆ ಹೋದ್ರೆ ಕೆಡತ್ತೆ ಅನ್ನೋದು ನನ್ನ ವಾದ. ಆ ಸ್ಪೆಲಿಂಗ್ ವ್ಯವಸ್ಥೆಯೇ ಅಷ್ಟು ಅಧ್ವಾನ. ಕ್ಯಾಕ್ಸ್‌ಟನ್ ಅನ್ನೋರು 1476ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪ್ರಿಂಟಿಂಗ್ ಪ್ರೆಸ್ ಹಾಕಿದ ಕಾಲಕ್ಕೆ ಇಂಗ್ಲಿಷಿನ ಸ್ವರಗಳೆಲ್ಲಾ ಬದಲಾಗ್ತಾ ಇದ್ವು, ಅಚ್ಚಿಗೆ ಹೋದ ಸ್ಪೆಲಿಂಗ್ ಹಳೇದರಲ್ಲೇ ಉಳೀತು, ಬಾಯಿ ಮುಂದೆ ಹೋಯ್ತು. ಅದು ಸಾಲದು ಅಂತ ಪಂಡಿತರು 'ಡೆಟ್' ಅನ್ನೋ ಪದಕ್ಕೆ ಲ್ಯಾಟಿನ್ ಮೇಲಿನ ಭಕ್ತಿಗೆ ಒಂದು ಬಿ ತುರುಕಿದ್ರು, ಯಾರೂ ಉಚ್ಚರಿಸದ ಬಿ. 2003ರಲ್ಲಿ ಯುರೋಪಿನ 13 ಭಾಷೆಗಳ ಮಕ್ಕಳನ್ನ ಹೋಲಿಸಿದ ಒಂದು ಅಧ್ಯಯನ ಬಂತು, ಸೀಮೋರ್ ಮತ್ತೆ ಜೊತೆಯವರದ್ದು, ಒಂದನೇ ಕ್ಲಾಸಿನ ಕೊನೆಗೆ ಫಿನ್ಲೆಂಡ್, ಇಟಲಿ, ಗ್ರೀಸ್ ಮಕ್ಕಳು ಪರಿಚಿತ ಪದಗಳನ್ನ ಹೆಚ್ಚುಕಮ್ಮಿ ಪೂರ್ತಿ ಸರಿಯಾಗಿ ಓದ್ತಿದ್ರೆ ಇಂಗ್ಲಿಷ್ ಓದೋ ಸ್ಕಾಟ್ಲೆಂಡ್ ಮಕ್ಕಳು ಸರಿಯಾಗಿ ಓದಿದ್ದು ನೂರಕ್ಕೆ 34. ಇಂಗ್ಲಿಷೇ ಮಾತಾಡೋ ಮಕ್ಕಳು! ಅಂದ್ಮೇಲೆ ಡೊಂಬಿವಲಿಯ ನಮ್ಮ ಮಕ್ಕಳು ಎಡವಿದ್ರೆ ಅದೊಂದೇ ಕಾರಣಕ್ಕೆ ಲೇಬಲ್ ಅಂಟಿಸೋದು ಹೇಗೆ?

ಹಾಗಿದ್ರೆ ಕನ್ನಡದಲ್ಲಿ ನೋಡೋಣ ಅಂದ್ಕೊಂಡ್ವಿ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಅವಳಿಗೆ ಕನ್ನಡ ಕಲಿಸಿದಾರೆ, ಅಆಇಈ, ಕಾಗುಣಿತ, ಒತ್ತಕ್ಷರ ಸುಮಾರಾಗಿ. ಇಲ್ಲಿ ಬಂದ್ಮೇಲೂ ವಾರಕ್ಕೊಂದೆರಡು ದಿನ ನಾನು ಕೂರಿಸ್ಕೋತೀನಿ. ಕನ್ನಡ ನುಡಿದಂತೆ ಬರೆಯೋ ಭಾಷೆ, ಹಾಗಾಗಿ ಡಿಸ್ಲೆಕ್ಸಿಯಾ ಇದ್ರೆ ಇಲ್ಲೂ ತಪ್ಪು ಕಾಣ್ಬೇಕು ಅಂತ ಯಾರಿಗಾದ್ರೂ ಅನ್ಸತ್ತೆ. ಕಾಣೋದು ತಪ್ಪಲ್ಲ, ನಿಧಾನ. ಇಟಾಲಿಯನ್, ಜರ್ಮನ್ ಥರದ ನೇರ ಬರವಣಿಗೆ ಇರೋ ಭಾಷೆಗಳಲ್ಲಿ ಡಿಸ್ಲೆಕ್ಸಿಯಾ ಇರೋ ಮಕ್ಕಳು ಹೆಚ್ಚಾಗಿ ಸರಿಯಾಗೇ ಓದ್ತಾರೆ, ಆದ್ರೆ ಎಳೆದು ಎಳೆದು ಓದ್ತಾರೆ. 2001ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪವ್ಲೇಸು ಅನ್ನೋರ ತಂಡ ಇಟಲಿ, ಫ್ರಾನ್ಸ್, ಇಂಗ್ಲೆಂಡಿನ ಡಿಸ್ಲೆಕ್ಸಿಯಾ ಇರೋ ದೊಡ್ಡವರ ಮಿದುಳು ಸ್ಕ್ಯಾನ್ ಮಾಡಿ ತೋರಿಸಿದ್ದು ಇದನ್ನೇ, ಒಳಗಿನ ತೊಡಕು ಮೂವರಿಗೂ ಒಂದೇ ಕಡೆ, ಹೊರಗೆ ಇಟಲಿಯೋರ ಓದು ಮಾತ್ರ ಉಳಿದವರಿಗಿಂತ ಎಷ್ಟೋ ವಾಸಿ. ಭಾಷೆ ಅವರನ್ನ ಕಾಪಾಡಿತ್ತು, ಇಲ್ಲಾ ಮುಚ್ಚಿಟ್ಟಿತ್ತು, ಹೇಗೆ ಬೇಕಾದ್ರೂ ಹೇಳಿ.

ಇನ್ನೂ ವಿಚಿತ್ರ ಒಂದಿದೆ. 1999ರಲ್ಲಿ ವೈಡೆಲ್ ಮತ್ತು ಬಟರ್‌ವರ್ತ್ ಅನ್ನೋ ಸಂಶೋಧಕರು ಒಬ್ಬ ಹುಡುಗನ ಬಗ್ಗೆ ಬರೆದ್ರು, ಎ.ಎಸ್. ಅಂತ ಅಷ್ಟೇ ಹೆಸರು, ಅಪ್ಪ ಅಮ್ಮ ಇಂಗ್ಲಿಷ್ ಮಾತಾಡೋರು, ಹುಟ್ಟಿ ಬೆಳೆದಿದ್ದು ಜಪಾನಿನಲ್ಲಿ. ಜಪಾನಿ ಓದೋದ್ರಲ್ಲಿ ಅವನು ಕಾಲೇಜು ಹುಡುಗರಿಗೆ ಸಮ, ಇಂಗ್ಲಿಷ್ ಓದೋದ್ರಲ್ಲಿ ಮಾತ್ರ ಡಿಸ್ಲೆಕ್ಸಿಕ್. ಒಂದು ತಲೆ, ಎರಡು ಲಿಪಿ, ಎರಡು ಫಲಿತಾಂಶ. ಇದನ್ನ ಓದಿದ ದಿನ ನಾನು ಆಫೀಸಿಂದ ಬರೋ ಟ್ರೈನಲ್ಲಿ ನಿಂತ್ಕೊಂಡೇ ಹೆಂಡತಿಗೆ ದೊಡ್ಡ ವಾಯ್ಸ್ ಮೆಸೇಜ್ ಕಳಿಸಿದ್ದೆ, ಅವಳು "ರೀ, ಬರ್ತಾ ಕೊತ್ತಂಬರಿ ತನ್ನಿ" ಅಂತ ಉತ್ತರ ಕೊಟ್ಳು.

ಟ್ರೈನ್ ಅಂದ ಕೂಡ್ಲೇ, ನಮಗೆ ನಿಜವಾಗಿ ಕಣ್ಣು ತೆರೆಸಿದ್ದು ಸ್ಟೇಷನ್ ಬೋರ್ಡುಗಳು. ಪುಟ್ಟಿ ನಮ್ಮ ಸೆಂಟ್ರಲ್ ಲೈನಲ್ಲಿ ಪಂಡಿತೆ. ಠಾಣೆ ಬಿಟ್ರೆ ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ ಅಂತ ಬೋರ್ಡ್ ಕಡೆ ಬೆರಳು ಮಾಡಿ ಮಾಡಿ ಓದ್ತಾಳೆ, ಪಕ್ಕದಲ್ಲಿ ಕೂತಿರೋ ಆಂಟಿಗಳು "ಕಿತೀ ಹುಶಾರ್ ಆಹೆ", ಎಷ್ಟು ಜಾಣೆ, ಅಂತಾರೆ. ಆಮೇಲೆ ಒಂದ್ಸಲ ನೆಂಟರ ಮನೆಗೆ ವಸಯಿ ಕಡೆ ಹೋಗ್ಬೇಕಾಯ್ತು, ವೆಸ್ಟರ್ನ್ ಲೈನು, ಅವಳಿಗೆ ಹೊಸದು. ಭಾಯಂದರ್ ಬರೋವರೆಗೂ ಒಂದು ಬೋರ್ಡನ್ನೂ ಅವಳು ಪೂರ್ತಿ ಓದ್ಲಿಲ್ಲ. ದೇವನಾಗರಿ ಕೂಡ ಇದೆ, ಇಂಗ್ಲಿಷೂ ಇದೆ, ಗಾಡಿ ನಿಂತಿದೆ, ಅವಳ ತುಟಿ ಮೊದಲನೇ ಅಕ್ಷರದ ಮೇಲೆ ಆಡ್ತಾ ಇದೆ, ಎರಡನೇದಕ್ಕೆ ಹೋಗೋಷ್ಟರಲ್ಲಿ ಗಾಡಿ ಹೊರಟುಬಿಡ್ತು. ನಮ್ಮ ಲೈನಲ್ಲಿ ಅವಳು ಓದ್ತಾ ಇರ್ಲಿಲ್ಲ, ಅನೌನ್ಸ್‌ಮೆಂಟ್ ಕೇಳಿ ಕೇಳಿ ಬಾಯಿಪಾಠ ಆಗಿದ್ದನ್ನ ಒಪ್ಪಿಸ್ತಾ ಇದ್ಳು. ಇದು ಮೋಸ ಅಲ್ಲ, ಜಾಣತನ. ಶಾಲೆಯ ರೀಡರನ್ನೂ ಹೀಗೇ ನಿಭಾಯಿಸ್ಕೊಂಡು ಬಂದಿದಾಳೆ, ಟೀಚರ್ ಒಂದ್ಸಲ ಓದಿದ್ರೆ ಸಾಕು, ಪಾಠ ಪೂರ್ತಿ ತಲೇಲಿ.

1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಅನ್ನೋ ಡಾಕ್ಟರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥದ್ದೇ ಒಬ್ಬ ಹುಡುಗನ ಬಗ್ಗೆ ಬರೆದಿದ್ರು. ಪರ್ಸಿ ಅಂತ, 14 ವರ್ಷ, ಆಟದಲ್ಲಿ ಲೆಕ್ಕದಲ್ಲಿ ಯಾರಿಗೂ ಕಮ್ಮಿ ಇಲ್ಲ, ತನ್ನ ಹೆಸರನ್ನೇ ಪ್ರೆಸಿ ಅಂತ ಬರೆದ. ಪಾಠ ಪೂರ್ತಿ ಬಾಯಿಮಾತಲ್ಲೇ ನಡೆಯೋದಾದ್ರೆ ಶಾಲೆಗೇ ಇವನೇ ಬುದ್ಧಿವಂತ ಅಂತ ಅವನ ಮೇಷ್ಟ್ರು ಹೇಳಿದ್ರಂತೆ. ನಮ್ಮ ಪುಟ್ಟಿ ಬಗ್ಗೆ ಯಾರಾದ್ರೂ ಒಂದು ಸಾಲು ಬರಿ ಅಂದ್ರೆ ನಾನೂ ಅದನ್ನೇ ಬರೆಯೋದು.

ಕನ್ನಡಕ್ಕೆ ವಾಪಸ್ ಬರ್ತೀನಿ, ಇಲ್ಲೂ ಆತುರ ಪಡೋ ಹಾಗಿಲ್ಲ. 34 ವ್ಯಂಜನಕ್ಕೆ ಹನ್ನೆರಡು ಹದಿಮೂರು ಸ್ವರ ಸೇರಿಸಿದ್ರೆ ಕಾಗುಣಿತವೇ ನಾನ್ನೂರು ದಾಟತ್ತೆ, ಮೇಲೆ ಒತ್ತಕ್ಷರ ಬೇರೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಕನ್ನಡ ಓದೋ ಮಕ್ಕಳ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದಾರೆ, ಅವರ 2007ರ ಲೇಖನದ ಪ್ರಕಾರ ಇಂಗ್ಲಿಷಿನ 26 ಅಕ್ಷರದ ಥರ ಕನ್ನಡ ಅಕ್ಷರಗಳು ಒಂದೆರಡು ವರ್ಷದಲ್ಲಿ ಮುಗಿಯೋದಲ್ಲ, ನಾಲ್ಕನೇ ಕ್ಲಾಸಿನವರೆಗೂ ಮಕ್ಕಳು ಕಲೀತಾನೇ ಇರ್ತಾರೆ. ಇನ್ನೂ ಒಂದು ವಿಷಯ ಇದೆ, ಇದು ಮುಂಬೈನ ಇಂಗ್ಲಿಷ್ ಟೆಸ್ಟ್ ಮಾಡೋರು ಗಮನಿಸ್ಬೇಕಾದ್ದು. 'ಕಮಲ'ದಲ್ಲಿ 'ಮ' ತೆಗೆದ್ರೆ ಏನು ಉಳಿಯತ್ತೆ ಅಂದ್ರೆ ಪುಟ್ಟಿ ಥಟ್ ಅಂತ 'ಕಲ' ಅಂತಾಳೆ, ಅಂತ್ಯಾಕ್ಷರೀಲಿ ಅವಳನ್ನ ಸೋಲಿಸೋಕೆ ಆಗಲ್ಲ. 'ಸ್ಟಾಪ್'ನಲ್ಲಿ 'ಸ್' ತೆಗಿ ಅಂದ್ರೆ ಮುಖ ನೋಡ್ತಾಳೆ. ನಮ್ಮ ಲಿಪಿ ಅಕ್ಷರವನ್ನ ಒಂದು ಗಂಟಾಗಿ ಹಿಡಿಯತ್ತೆ, ವ್ಯಂಜನ ಸ್ವರ ಬೇರೆಬೇರೆ ಬಿಡಿಸಿ ತೋರಿಸಲ್ಲ, ಹಾಗಾಗಿ ಕನ್ನಡದ ಮಕ್ಕಳಿಗೆ ಆ ಬಿಡಿ ಬಿಡಿ ಧ್ವನಿಯ ಅರಿವು ನಿಧಾನಕ್ಕೇ ಬರೋದು. ಇಂಗ್ಲೆಂಡ್ ಮಕ್ಕಳಿಗೆ ಮಾಡಿದ ಧ್ವನಿ ಪರೀಕ್ಷೆಯಲ್ಲಿ ನಮ್ಮ ಮಗು ಫೇಲ್ ಆದ್ರೆ ಅದಕ್ಕೆ ಎರಡು ಅರ್ಥ ಇರಬಹುದು.

ಆಮೇಲೆ ಮರಾಠಿ ಹಿಂದಿ. ಅಯ್ಯೋ. 2020ರ ಕಾಯ್ದೆ ಪ್ರಕಾರ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದ್ರೂ ಮರಾಠಿ ಕಡ್ಡಾಯ, ನಮ್ಮ ಶಾಲೇಲಿ ಹಿಂದಿನೂ ಒಂದನೇ ಕ್ಲಾಸಿಂದಲೇ ಇದೆ. (2025ರಲ್ಲಿ ಸ್ಟೇಟ್ ಬೋರ್ಡ್ ಶಾಲೆಗಳಿಗೂ ಒಂದನೇ ಕ್ಲಾಸಿಂದ ಹಿಂದಿ ಅಂತ ಸರ್ಕಾರ ಹೊರಟು, ಗಲಾಟೆ ಆಗಿ, ಜೂನ್ ಕೊನೆಗೆ ಆದೇಶ ವಾಪಸ್ ತಗೊಳ್ತು, ಆ ಗದ್ದಲದಲ್ಲಿ ಓದೋಕೆ ಕಷ್ಟಪಡೋ ಮಕ್ಕಳ ಮಾತು ನನ್ನ ಕಿವಿಗೆ ಎಲ್ಲೂ ಬೀಳ್ಲಿಲ್ಲ.) ಎರಡೂ ದೇವನಾಗರಿ, ಹಾಗಾಗಿ ಸುಲಭ ಅಂತ ಜನ ಹೇಳ್ತಾರೆ. ಮಗು ಕಣ್ಣಿಂದ ನೋಡಿ. ನೀರಿಗೆ ಹಿಂದೀಲಿ 'ಪಾನೀ', ಮರಾಠೀಲಿ 'ಪಾಣೀ'. 'ಶಕ್ತಿ', 'ಕವಿ' ಹಿಂದೀಲಿ ಹ್ರಸ್ವ, ಮರಾಠೀಲಿ ಕೊನೆಗೆ ದೀರ್ಘ. ಸೋಮವಾರದ ಸರಿ ಮಂಗಳವಾರಕ್ಕೆ ತಪ್ಪು. ಅದ್ರ ಮೇಲೆ ದೇವನಾಗರಿಯ ಹ್ರಸ್ವ ಇಕಾರ ವ್ಯಂಜನದ ಎಡಕ್ಕೆ ಬರತ್ತೆ, 'ದಿನ' ಅಂತ ಬರೆಯೋಕೆ ಬಾಯಲ್ಲಿ ಆಮೇಲೆ ಬರೋದನ್ನ ಕೈ ಮೊದಲು ಬರೀಬೇಕು. ನಮ್ಮಲ್ಲೇನು ಕಮ್ಮಿ ಇಲ್ಲ ಬಿಡಿ, 'ಸೂರ್ಯ'ದ ಅರ್ಕಾವೊತ್ತು ಬಾಯಲ್ಲಿ ಮೊದಲು, ಕೈಯಲ್ಲಿ ಆಮೇಲೆ. ಮರಾಠಿ ಟೀಚರ್ ದಿನಾ ಒಂದು ಪುಟ ಶುದ್ಧಲೇಖನ ಕೊಡ್ತಾರೆ, ನೋಡಿ ಬರೆಯೋದು. ಪುಟ್ಟಿ ಅದನ್ನ ಮುತ್ತಿನಂಥ ಅಕ್ಷರದಲ್ಲಿ ಬರೀತಾಳೆ, ಸ್ಟಾರ್ ಸಿಗತ್ತೆ, ಬರೆದಿದ್ದನ್ನ ಓದು ಅಂದ್ರೆ ಬಾತ್ರೂಮ್ ಬಂತು ಅಂತಾಳೆ.

ಇದೆಲ್ಲಾ ಒಟ್ಟು ಸೇರಿಸಿ ನೋಡಿದಾಗಲೇ ನನ್ನ ಅನುಮಾನ ಗಟ್ಟಿ ಆಗಿದ್ದು. ಯೆಗ್ಗು ವೋನ್ಲಿ ಬಿಟ್ಟಾಕಿ, ಅದು ನಮ್ಮ ಕೊಡುಗೆ. ಪಾನೀ ಪಾಣೀ ಬಿಟ್ಟಾಕಿ, ಅದು ರಾಜ್ಯದ ಕೊಡುಗೆ. ಅವನ್ನೆಲ್ಲಾ ಕಳೆದ ಮೇಲೂ ಮೂರು ಲಿಪಿಯಲ್ಲೂ ಒಂದು ಉಳಿಯತ್ತೆ, ಹೊಸ ಪದ ಎದುರಿಗೆ ಬಂದ್ರೆ ಅವಳು ನಿಂತುಬಿಡ್ತಾಳೆ. ಚೆನ್ನಾಗಿ ಮಾತಾಡೋ ಕನ್ನಡದಲ್ಲೂ, ಅರ್ಥ ಗೊತ್ತಿರೋ ಪದದಲ್ಲೂ. ಭಾಷೆ ಬರದೇ ನಿಲ್ಲೋ ಮಗು ತನ್ನ ಮನೆಮಾತಲ್ಲಿ ಓಡ್ಬೇಕಿತ್ತು.

ಅಮ್ಮನಿಗೆ ಫೋನಲ್ಲಿ ಹೇಳಿದಾಗ ಅವರಿಗೆ ಏನೂ ಆಶ್ಚರ್ಯ ಆಗ್ಲಿಲ್ಲ. "ನೀನೂ ಹಿಂಗೇ ಇದ್ದೆ ಕಣೋ, ಪುಸ್ತಕ ಹಿಡಿದ್ರೆ ಆಕಳಿಸ್ತಿದ್ದೆ, ಲೆಕ್ಕ ಮಾತ್ರ ಬಾಯಲ್ಲೇ ಹೇಳ್ತಿದ್ದೆ, ಈಗ ಏನ್ ಕಮ್ಮಿ ಆಗಿದೆ" ಅಂದ್ರು. ಹೌದು, ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಮ್ಮು, ಇಂಗ್ಲಿಷ್ ಶುರುವಾಗಿದ್ದೇ ಐದನೇ ಕ್ಲಾಸಲ್ಲಿ, ಪಿಯುಸಿಗೆ ಬಂದಾಗ ಬಯಾಲಜಿ ಪದಗಳ ಸ್ಪೆಲಿಂಗಿಗೆ ಹೆದರಿ ಕಾಮರ್ಸ್ ತಗೊಂಡೋನು, ಈಗ್ಲೂ ಆಫೀಸ್ ಮೇಲ್ ಕಳಿಸೋಕೆ ಮುಂಚೆ ಸ್ಪೆಲ್‌ಚೆಕ್ ಇಲ್ದೇ ಕೈ ಓಡಲ್ಲ. ಎಲ್ಲಾ ಕನ್ನಡ ಮೀಡಿಯಮ್ ಹುಡುಗರ ಹಣೆಬರಹ ಇದು ಅಂದ್ಕೊಂಡಿದ್ದೆ. ಡಿಸ್ಲೆಕ್ಸಿಯಾ ವಂಶದಲ್ಲಿ ಹರಿಯತ್ತೆ, ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ರೆ ಮಗುವಿಗೆ ಬರೋ ಸಾಧ್ಯತೆ ಅರ್ಧದ ಹತ್ತಿರ ಅಂತಾರೆ. ನನಗೆ ಇತ್ತೋ ಇಲ್ವೋ, ಆ ಕಾಲದಲ್ಲಿ ಕೇಳೋರು ಯಾರಿದ್ರು. ಅಮ್ಮ ಸಮಾಧಾನಕ್ಕೆ ಹೇಳಿದ ಮಾತನ್ನ ಡಾಕ್ಟರು ಕೇಳಿದ್ರೆ ಫ್ಯಾಮಿಲಿ ಹಿಸ್ಟರಿ ಅಂತ ಬರ್ಕೋತಾರೆ.

ಹೆಂಡತಿ ಹೇಳಿದ್ದು ಇನ್ನೊಂದು. ಕ್ಲಾಸಲ್ಲಿ ಗಲಾಟೆ ಮಾಡೋ ಹುಡುಗರನ್ನ ಟೀಚರ್ ಕೌನ್ಸೆಲರ್ ಹತ್ರ ಕಳಿಸ್ತಾರೆ, ಮೂಲೇಲಿ ಚೆಂದದ ಅಕ್ಷರ ಬರ್ಕೊಂಡು ಕೂತಿರೋ ಹುಡುಗೀನ ಯಾರು ಕಳಿಸ್ತಾರೆ. ಅವಳು ಊಹೆ ಮೇಲೆ ಹೇಳಿದ್ದು ನಿಜಾನೇ, ಯೇಲ್‌ನ ಸ್ಯಾಲಿ ಶೇವಿಟ್ಜ್ ತಂಡ 1990ರಲ್ಲೇ ತೋರಿಸಿತ್ತು, ಶಾಲೆಗಳು ಗುರುತಿಸಿದ ಪಟ್ಟೀಲಿ ಹುಡುಗರೇ ಜಾಸ್ತಿ, ಸಂಶೋಧಕರು ತಾವೇ ಎಲ್ಲಾ ಮಕ್ಕಳನ್ನ ಪರೀಕ್ಷೆ ಮಾಡಿದಾಗ ಹುಡುಗ ಹುಡುಗಿ ಲೆಕ್ಕ ಹೆಚ್ಚುಕಮ್ಮಿ ಸಮ.

ಈಗ ಏನು ಮಾಡ್ತಾ ಇದೀವಿ ಅಂದ್ರೆ. ಮೊದಲು ಕಣ್ಣು, ಕಿವಿ. ಎರಡೂ ಸರಿ ಇದೆ. ಡಿಸ್ಲೆಕ್ಸಿಯಾ ಕಣ್ಣಿನ ಕಾಯಿಲೆ ಅಲ್ಲ, ಆದ್ರೂ ಕಣ್ಣು ಕಿವಿ ತೊಂದರೆ ಇಲ್ಲ ಅಂತ ಖಾತ್ರಿ ಆಗದೇ ಮುಂದಿನ ಟೆಸ್ಟ್ ಯಾರೂ ಮಾಡಲ್ಲ. ಈ ನಡುವೆ ಸಲಹೆಗಳ ಸುರಿಮಳೆ. ಬಣ್ಣದ ಕನ್ನಡಕ, ಕಣ್ಣಿನ ಎಕ್ಸರ್‌ಸೈಜ್, ಕಣ್ಣಿಗೆ ಪಟ್ಟಿ ಕಟ್ಟಿ ಓದಿಸೋ ಮಿಡ್‌ಬ್ರೈನ್ ಆಕ್ಟಿವೇಷನ್ ಅಂತೆ, ಅದಕ್ಕೆ ಸಾವಿರಗಟ್ಟಲೆ ಫೀಸು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮತ್ತೆ ಕಣ್ಣಿನ ವೈದ್ಯರ ಅಕಾಡೆಮಿ ಸೇರಿ 2009ರಲ್ಲೇ ಹೇಳಿಕೆ ಕೊಟ್ಟಿದಾರೆ, ಬಣ್ಣದ ಗಾಜು, ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾಗೆ ಉಪಯೋಗ ಅನ್ನೋಕೆ ಆಧಾರ ಇಲ್ಲ ಅಂತ. ಕಣ್ಣಿಗೆ ಪಟ್ಟಿ ಕಟ್ಟಿಸ್ಕೊಂಡು ಓದೋರು ಪಟ್ಟಿಯ ಕೆಳಗಿನ ಸಂದಿಯಿಂದ ಓದ್ತಾರೆ ಅನ್ನೋದನ್ನ ನಾನು ಬೇರೆ ಹೇಳ್ಬೇಕಾ.

ಪರೀಕ್ಷೆ ಅಂದ್ರೆ ಒಂದು ಸೂಜಿ, ಒಂದು ರಿಪೋರ್ಟ್ ಥರ ಅಲ್ಲ. ಮಕ್ಕಳ ಡಾಕ್ಟರ್ ನೋಡ್ತಾರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಐಕ್ಯೂ ಟೆಸ್ಟ್ ಮಾಡ್ತಾರೆ, ಸ್ಪೆಷಲ್ ಎಜುಕೇಟರ್ ಓದು, ಬರಹ, ಸ್ಪೆಲಿಂಗ್, ಲೆಕ್ಕ ಒಂದೊಂದಾಗಿ ನೋಡ್ತಾರೆ. ಮುಂಬೈ ಈ ವಿಷಯದಲ್ಲಿ ಪುಣ್ಯದ ಊರು, ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಇಲ್ಲಿ 1996ರಿಂದ ಕೆಲಸ ಮಾಡ್ತಿದೆ, ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ಇದಕ್ಕೇ ಅಂತ ಎಲ್‌ಡಿ (ಲರ್ನಿಂಗ್ ಡಿಸೆಬಿಲಿಟಿ, ಕಲಿಕೆಯ ತೊಂದರೆ) ಕ್ಲಿನಿಕ್ ಇದೆ. ಪ್ರೈವೇಟಲ್ಲಿ ಮಾಡಿಸಿದ ರಿಪೋರ್ಟ್ ಮಗುವಿಗೆ ಪಾಠ ಹೇಗೆ ಮಾಡ್ಬೇಕು ಅಂತ ತಿಳ್ಕೊಳ್ಳೋಕೆ ಸಾಕು, ಬೋರ್ಡ್ ಪರೀಕ್ಷೆಯ ಸೌಲಭ್ಯಕ್ಕೆ ಸರ್ಕಾರಿ ಸರ್ಟಿಫಿಕೇಟ್ ಬೇಕಾಗತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರೋ 21 ವಿಧದಲ್ಲಿ ಕಲಿಕೆಯ ನಿರ್ದಿಷ್ಟ ತೊಂದರೆಗಳೂ ಸೇರಿವೆ, 2018ರ ಮಾರ್ಗಸೂಚಿ ಮೂರನೇ ಕ್ಲಾಸು ಇಲ್ಲಾ ಎಂಟು ವರ್ಷಕ್ಕೆ ಸ್ಕ್ರೀನಿಂಗ್ ಅಂತ ಹೇಳಿತ್ತು. ಅಂದ್ರೆ ನಮಗೆ ಇದು ಸರಿಯಾದ ಹೊತ್ತೇ. ಅಂಗವಿಕಲ ಅನ್ನೋ ಪದ ಕೇಳಿ ಹೆಂಡತಿ ಒಂದು ರಾತ್ರಿ ನಿದ್ದೆ ಮಾಡ್ಲಿಲ್ಲ, ಬೆಳಗ್ಗೆ ಎದ್ದು "ಆ ಪದ ಸರ್ಕಾರದ ಫೈಲಲ್ಲಿ ಇರ್ಲಿ, ನಮ್ಮನೇಲಿ ಬೇಡ" ಅಂದ್ಳು, ಅಲ್ಲಿಗೆ ಮುಗೀತು.

ಎಜುಕೇಟರ್ ಹತ್ರ ನಾನು ಫೋನಲ್ಲಿ ಕೇಳಿದ ಮೊದಲ ಪ್ರಶ್ನೆ ಫೀಸಲ್ಲ, ಇಂಗ್ಲಿಷ್ ಬಿಟ್ಟು ಬೇರೆ ಯಾವ ಭಾಷೆಯಲ್ಲಿ ಟೆಸ್ಟ್ ಮಾಡ್ತೀರಾ ಅಂತ. ಮಾನೇಸರ್‌ನ ನ್ಯಾಷನಲ್ ಬ್ರೈನ್ ರಿಸರ್ಚ್ ಸೆಂಟರ್‌ನೋರು ಡಾಲಿ ಅನ್ನೋ ಪರೀಕ್ಷಾ ಕಿಟ್ ಮಾಡಿದಾರೆ, 2015ರಲ್ಲಿ ಬಂದಿದ್ದು, ಭಾರತದ ಭಾಷೆಗಳಿಗೇ ಅಂತ, ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್. ನಮ್ಮ ಮನೆ ನೋಡಿ ಮಾಡಿದ ಹಾಗಿದೆ ಆ ನಾಲ್ಕು! ಆಕೆ ಮರಾಠಿಯಲ್ಲಿ ಮಾಡಬಹುದು, ಕನ್ನಡದಲ್ಲಿ ಮಾಡೋಕೆ ಕನ್ನಡ ಬರೋರೇ ಬೇಕಲ್ಲ ಅಂದ್ರು. ಅದೂ ಸರಿ. ಹಾಗಾಗಿ ನಾನು ಪುಟ್ಟಿ ಕನ್ನಡ ಓದೋದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿ ಇಟ್ಟಿದೀನಿ, ಗೊತ್ತಿರೋ ಕಥೆ ಒಂದು, ಗೊತ್ತಿಲ್ದೇ ಇರೋ ಕಥೆ ಒಂದು. ಅದರ ಜೊತೆ ನೋಟ್‌ಬುಕ್ಕು, ಕಾಪಿ ಮಾಡಿದ್ದಲ್ಲ, ಅವಳೇ ಸ್ವಂತ ಬರೆದ ಪುಟಗಳು. ಯೆಗ್ಗು ಥರದವಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ 'ಮನೆ ಉಚ್ಚಾರ' ಅಂತ ಪಕ್ಕದಲ್ಲಿ ಬರೆದಿದೀನಿ, ಕನ್ನಡ ಬರದೇ ಇರೋರು ಅದನ್ನ ತೊಂದರೆಯ ಲೆಕ್ಕಕ್ಕೆ ಸೇರಿಸ್ಬಾರ್ದು ಅಂತ.

ಮನೇಲಿ ಹತ್ತು ಸಲ ಬರೆಸೋದು ನಿಲ್ಲಿಸಿದ್ವಿ. ಬದಲಿಗೆ ಅಮೆರಿಕದ ಡಾಕ್ಟರ್ ಸ್ಯಾಮ್ಯುಯೆಲ್ ಆರ್ಟನ್, ಟೀಚರ್ ಆನಾ ಗಿಲಿಂಗಮ್ ಕಾಲದಿಂದ ಬಂದಿರೋ ಪದ್ಧತಿ ಒಂದಿದೆ, ಧ್ವನಿ ಕೇಳು, ಬಾಯಲ್ಲಿ ಹೇಳು, ಬೆರಳಲ್ಲಿ ಬರಿ, ಎಲ್ಲಾ ಒಟ್ಟಿಗೆ, ಒಂದು ಗಟ್ಟಿ ಆದ್ಮೇಲೆ ಇನ್ನೊಂದು. ಎಜುಕೇಟರ್ ಹೇಳ್ಕೊಟ್ಟ ಒಂದು ಚೂರನ್ನ ಮಾಡ್ತಿದೀವಿ, ತಟ್ಟೇಲಿ ರವೆ ಹರಡಿ ಅದ್ರಲ್ಲಿ ಬರೆಯೋದು. ಇದನ್ನ ಫೋನಲ್ಲಿ ಕೇಳಿ ಅಮ್ಮ ನಕ್ಕುಬಿಟ್ರು, "ಅಕ್ಷರಾಭ್ಯಾಸ ಮತ್ತೆ ಶುರುವಿಂದಾನಾ" ಅಂತ. ರಾತ್ರಿ ಕಥೆ ನಾವೇ ಓದಿ ಹೇಳ್ತೀವಿ, ಅವಳ ತಲೆಯ ವಯಸ್ಸಿನ ಕಥೆ, ಅವಳ ಓದಿನ ವಯಸ್ಸಿಂದಲ್ಲ. ಟ್ಯೂಷನ್ ಆಂಟಿಗೆ ಕೆಂಪು ಪೆನ್ ಬೇಡ ಅಂತ ಹೇಳಿದ್ದಕ್ಕೆ ಸ್ವಲ್ಪ ಬೇಜಾರಾಗಿದೆ, ಇರ್ಲಿ.

ಈಗ ಮನೇಲಿ ಜಗಳ ಬೇರೆ ವಿಷಯಕ್ಕೆ ಬಂದಿದೆ. ರಿಪೋರ್ಟ್ ಡಿಸ್ಲೆಕ್ಸಿಯಾ ಅಂತಾನೇ ಬಂದ್ರೆ ಸಿಬಿಎಸ್‌ಇಯಲ್ಲಿ ಮೂರು ಗಂಟೆ ಪೇಪರಿಗೆ ಒಂದು ಗಂಟೆ ಹೆಚ್ಚು ಸಮಯ ಸಿಗತ್ತೆ, ಮೂರನೇ ಭಾಷೆಯಿಂದ ವಿನಾಯಿತಿನೂ ಇದೆ. ಹೆಚ್ಚು ಸಮಯದ ಬಗ್ಗೆ ಯಾರಿಗೂ ತಕರಾರಿಲ್ಲ. ಭಾಷೆ ಬಿಡೋದಾದ್ರೆ ಹಿಂದಿ ಬಿಡೋಣ ಅಂತ ನಾನು, ಮರಾಠಿ ಇಲ್ದೇ ಈ ಊರಲ್ಲಿ ಬಾಳೋದು ಹೇಗೆ, ಕೆಳಗೆ ಅವಳ ಗೆಳತಿಯರೆಲ್ಲಾ ಮರಾಠಿ. ಹೆಂಡತಿ ಹೇಳೋದು, ನಾಳೆ ನಿಮಗೆ ದಿಲ್ಲಿಗೆ ಟ್ರಾನ್ಸ್‌ಫರ್ ಆದ್ರೆ? ಅಮ್ಮ ಫೋನಿಂದ, ಇಂಗ್ಲಿಷ್ ಬಿಟ್ಟುಬಿಡಿ, ಎಲ್ಲಾ ತೊಂದರೆ ಅದರದ್ದೇ ಅಲ್ವಾ ಅಂತ. ಪುಟ್ಟಿನ ಕೇಳಿದ್ವಿ. ಅವಳು ಕನ್ನಡ ಬಿಡಲ್ಲ, ಅದ್ರಲ್ಲಿ ಪರೀಕ್ಷೆ ಇಲ್ಲ ಅಂದ್ಳು.